ಪಡಸಾಲೆಯ ಸಂಜೆ ಸಾಲಿ

ನಮ್ಮ ಮನೆಯ ಪಡಸಾಲೆಗೆ ಬಂದವರು ಮೊದಲು ಸೀನುತ್ತಿದ್ದರು, ಆಮೇಲೆ ನಮಸ್ಕಾರ ಹೇಳುತ್ತಿದ್ದರು. ಮೆಣಸಿನಕಾಯಿ ಸುಗ್ಗಿಯ ತಿಂಗಳುಗಳಲ್ಲಿ ಬ್ಯಾಡಗಿಯ ಯಾರ ಮನೆಗೆ ಹೋದರೂ ಒಂದಿಷ್ಟು ಘಾಟು ಇದ್ದದ್ದೇ. ಆದರೆ ಚರ್ಚಿನ ಸಭಾಪಾಲಕರ ಮನೆಯಲ್ಲಿ, ಗೋಡೆಗೆ ಶಿಲುಬೆ ತೂಗುಹಾಕಿದ ಪಡಸಾಲೆಯಲ್ಲಿ, ಒಣಗಾಯಿ ರಾಶಿಯ ಸುತ್ತ ಮಕ್ಕಳು ಕೂತು ಒಂದೇ ಸ್ವರದಲ್ಲಿ ಮಗ್ಗಿ ಹೇಳುವುದನ್ನು ಕಂಡ ಹೊಸಬರು ಬಾಗಿಲಲ್ಲೇ ನಿಂತುಬಿಡುತ್ತಿದ್ದರು. ಊರವರು ನಮ್ಮ ಮನೆಯನ್ನು ಬಂಗಲೆ ಅನ್ನುತ್ತಿದ್ದರು. ಹಿಂದೆ ಯಾವನೋ ಬಿಳಿಯ ದೊರೆ ಇದ್ದನಂತೆ. ಹೆಸರು ಉಳಿದಿತ್ತು, ಬಂಗಲೆ ಉಳಿದಿರಲಿಲ್ಲ. ಮುಂದೆ ಪಡಸಾಲೆ, ಅದರ ಹಿಂದೆ ಹಗಲಲ್ಲೂ ದೀಪ ಬೇಡುವ ನಡುಮನೆ, ಅದರಾಚೆ ಹೊಗೆ ಹಿಡಿದ ಅಡಿಗೆಮನೆ, ಹಿತ್ತಲಲ್ಲಿ ಒಂದು ನುಗ್ಗೆಗಿಡ. ಇಷ್ಟೇ. ಪಡಸಾಲೆಯ ಮೂಲೆಯಲ್ಲಿ ಅಪ್ಪನ ಮೇಜು. ಅದರ ಮೇಲೆ ಬೈಬಲ್ಲು, ರವಿವಾರದ ಪ್ರಸಂಗಕ್ಕೆ, ಅಂದರೆ ಚರ್ಚಿನ ಪ್ರವಚನಕ್ಕೆ, ಮಾಡಿಕೊಂಡ ಟಿಪ್ಪಣಿ, ಪಕ್ಕದಲ್ಲಿ ಸದಾ ತಣ್ಣಗಾಗಿ ಕೆನೆಗಟ್ಟಿದ ಒಂದು ಕಪ್ ಚಾ. "ಈ ಮನ್ಯಾಗ ದೇವರ ಮಾತು ಬಿಸಿ ಇರತೈತಿ, ಚಾ ಆರಿರತೈತಿ" ಎಂದು ಅವ್ವ ನಗಾಡುತ್ತಿದ್ದಳು. ಈ ಪಡಸಾಲೆಯ ಬಗ್ಗೆ ನಾನು ಜೀವನವಿಡೀ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೇನೆ. ಸಭೆಗಳಲ್ಲಿ ಹೇಳಿ ಚಪ್ಪಾಳೆಯನ್ನೂ ತಟ್ಟಿಸಿಕೊಂಡಿದ್ದೇನೆ. ಚಪ್ಪಾಳೆ ಬೀಳುವ ಹೊತ್ತಿಗೆ ಕತೆ ನಿಲ್ಲಿಸಿಬಿಡುವುದು ನನಗೆ ರೂಢಿಯಾಗಿದೆ. ಇಲ್ಲಿ ಅದರ ಮುಂದಿನದನ್ನೂ ಬರೆಯಬೇಕು.

ಚರ್ಚಿನ ಕಂಪೌಂಡಿಗೆ ಅಂಟಿಕೊಂಡು ಸರ್ಕಾರಿ ಕನ್ನಡ ಸಾಲಿ ಇತ್ತು. ಒಂದು ಮಳೆಗಾಲದಲ್ಲಿ ಅದರ ಹಿಂದಿನ ಖೋಲಿಗಳ ಮಾಡು ಕುಸಿಯಿತು. ದೇವರ ದಯೆಯಿಂದ ರಜೆಯ ದಿನ. ಮರುದಿನ ಸಾಲಿಯ ಹೆಡ್ ಮಾಸ್ತರರಾದ ಪಾಟೀಲರು ಕೊಡೆ ಮಡಚುತ್ತ ನಮ್ಮ ಪಡಸಾಲೆಗೆ ಬಂದು, ಮಕ್ಕಳನ್ನು ಗಿಡದ ಕೆಳಗೆ ಕೂಡಿಸಲು ಆಗುವುದಿಲ್ಲ, ವಾರದ ದಿನಗಳಲ್ಲಿ ಚರ್ಚಿನ ಹಾಲ್ ಖಾಲಿ ಇರುತ್ತದಲ್ಲ ಎಂದು ಕೇಳಿದರು. ಅಪ್ಪ ತಡಮಾಡದೆ ಒಪ್ಪಿದ. ಹಾಲ್ ಅಷ್ಟೇ ಅಲ್ಲ, ಚರ್ಚಿನ ಸಭೆಯಿಂದ ಕಪ್ಪುಹಲಗೆ, ಚಾಪೆ, ಸಂಜೆ ಪಾಠ ಹೇಳಲು ಒಬ್ಬ ಅಕ್ಕಾರು, ಹೀಗೆ ಕೇಳದ್ದನ್ನೂ ಕೊಡುವುದಾಗಿ ಉತ್ಸಾಹದಿಂದ ಹೇಳುತ್ತ ಹೋದ. ಪಾಟೀಲ ಮಾಸ್ತರರು ಎಲ್ಲ ಕೇಳಿಸಿಕೊಂಡರು. ಅವ್ವ ಕೊಟ್ಟ ಅವಲಕ್ಕಿ ತಿಂದು, ಕೈ ತೊಳೆದು, ಹೊರಡುವ ಮುಂಚೆ, ಬೇರೆ ಏನೂ ಉದ್ದೇಶವಿಲ್ಲದೆ ಮನೆಯ ಹುಡುಗಿಯನ್ನು ಮಾತಾಡಿಸುವಂತೆ ನನ್ನ ಕಡೆ ತಿರುಗಿದರು.

"ಯಾವ ಸಾಲಿವಾ ನಿಂದು?"

ನಾನು ಊರಿನ ಆಚೆ ತುದಿಯ ಕಾನ್ವೆಂಟಿನ ಹೆಸರು ಹೇಳಿದೆ. ಸಭೆಯ ಹಿರಿಯರ ಮಕ್ಕಳೆಲ್ಲ ಓದುತ್ತಿದ್ದುದು ಅಲ್ಲೇ. ಮಾಸ್ತರರು "ಚಲೋ ಆತು ಬಿಡು" ಎಂದು ನನ್ನ ತಲೆ ಸವರಿ, ಕೊಡೆ ಬಿಚ್ಚಿಕೊಂಡು ಹೋದರು. ಅವರು ಚುಚ್ಚಲು ಹೇಳಿದ್ದಲ್ಲ. ಆದರೆ ಅಪ್ಪನಿಗೆ ಚುಚ್ಚಿತು. ರಾತ್ರಿ ಊಟದಲ್ಲಿ ಅವನು ರೊಟ್ಟಿ ಮುರಿದು ಪಲ್ಯಕ್ಕೆ ಹಚ್ಚಿಕೊಂಡು ಹಾಗೇ ಕೂತಿದ್ದ. ಆಮೇಲೆ ಹೇಳಿದ.

"ಕರುಣಾನ್ನ ಈ ಸಾಲಿಗೇ ಹಾಕೂಣು. ನಮ್ಮ ಮನಿ ಮಕ್ಕಳು ಕೂಡದ ಸಾಲಿ ಮಂದಿ ಮಕ್ಕಳಿಗೆ ಹೆಂಗ ಚಲೋ ಆಗ್ತೈತಿ?"

"ನಿಮಗ ಪ್ರಸಂಗ ಹೇಳಾಕ ರವಿವಾರ ಐತಿ," ಎಂದಳು ಅವ್ವ. "ನನ್ನ ಮಗಳ ಮ್ಯಾಲೆ ಹೇಳಬ್ಯಾಡ್ರಿ. ನಾ ಆರನೇ ಇಯತ್ತಾ ಕಲ್ತು ಬಿಟ್ಟಾಕಿ. ಅಕಿ ಆದ್ರೂ ನಾಕ ಇಂಗ್ಲಿಷ್ ಅಕ್ಷರ ಕಲೀಲಿ."

ಜಗಳ ವಾರಗಟ್ಟಲೆ ನಡೆಯಿತು. ನಮ್ಮ ಮನೆಯ ಜಗಳಕ್ಕೆ ಒಂದು ಶಿಸ್ತಿತ್ತು. ಸಂಜೆ ಮನೆ ಪ್ರಾರ್ಥನೆಯ ಹೊತ್ತಿಗೆ ಅದು ನಿಲ್ಲಬೇಕು, ಕೀರ್ತನೆ ಇಬ್ಬರೂ ಕೂಡಿಯೇ ಹಾಡಬೇಕು, ಆಮೆನ್ ಆದ ಮೇಲೆ ಬಿಟ್ಟಲ್ಲಿಂದ ಮುಂದುವರಿಸಬಹುದು. ಕೊನೆಗೆ ಅಪ್ಪನೇ ಗೆದ್ದ. ಕಾನ್ವೆಂಟಿನ ಬೂಟು ಬಿಚ್ಚಿಟ್ಟು, ಹವಾಯಿ ಚಪ್ಪಲಿ ಮೆಟ್ಟಿಕೊಂಡು, ನಾನು ಗೋಡೆಯಾಚೆಯ ಸಾಲಿಗೆ ಐದನೇ ಇಯತ್ತೆಗೆ ಹೋದೆ. ಅತ್ತುಕೊಂಡು ಹೋದೆ ಅನ್ನಬೇಕು. ಎರಡು ದಿನಕ್ಕೆ ಅಳು ನಿಂತಿತು, ಯಾಕೆಂದರೆ ಅಲ್ಲಿ ಹಸೀನಾ ಇದ್ದಳು.

ಹಸೀನಾ ನನ್ನ ವಯಸ್ಸಿನವಳೇ, ಆದರೆ ಒಂದು ತರಗತಿ ಹಿಂದೆ. ಹಿಂದಿನ ವರ್ಷ ಸುಗ್ಗಿಯಲ್ಲಿ ಸಾಲಿ ತಪ್ಪಿಸಿ ಪರೀಕ್ಷೆಗೆ ಕೂತಿರಲಿಲ್ಲ. ಅವಳ ಅಪ್ಪ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಿದ್ದವನು, ಚೀಲ ಹೊತ್ತು ಬೆನ್ನು ಹೋಗಿ ಮನೆಯಲ್ಲಿ ಮಲಗಿದ್ದ. ತಾಯಿ ಖಾಜಾಬಿ ದಲಾಲಿ ಅಂಗಡಿಗಳಿಂದ ಒಣಮೆಣಸಿನಕಾಯಿ ಚೀಲ ತಂದು ತುಂಬು ಬಿಡಿಸಿ ಕೊಡುತ್ತಿದ್ದಳು. ಕಾಯಿಯ ತೊಟ್ಟಿಗೆ ನಮ್ಮಲ್ಲಿ ತುಂಬು ಅನ್ನುತ್ತಾರೆ. ಒಂದೊಂದೇ ಕಾಯಿ ಹಿಡಿದು ತುಂಬು ಬಾಗಿಸಿ ಕೀಳಬೇಕು, ಕಾಯಿ ಒಡೆದು ಬೀಜ ಚೆಲ್ಲಬಾರದು. ನಮ್ಮೂರಿನ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಅಷ್ಟಿಲ್ಲ ಎಂದು ವ್ಯಾಪಾರಸ್ಥರು ಹೇಳುತ್ತಾರೆ. ಹೊತ್ತುಗಟ್ಟಲೆ ಬಿಡಿಸಿದ ಬೆರಳುಗಳನ್ನು ಕೇಳಿದರೆ ಬೇರೆ ಉತ್ತರ ಸಿಗುತ್ತದೆ. ಖಾಜಾಬಿಯ ಮನೆಯಲ್ಲಿ ಒಂದೇ ಕಾಯಿದೆ: ತಂದ ಚೀಲ ರಾತ್ರಿಯೊಳಗೆ ಖಾಲಿಯಾದರೆ ಹಸೀನಾ ಮರುದಿನ ಸಾಲಿಗೆ, ಆಗದಿದ್ದರೆ ಇಲ್ಲ. ಸುಗ್ಗಿ ಜೋರಾದಂತೆ ಚೀಲ ಖಾಲಿಯಾಗದ ದಿನಗಳೇ ಹೆಚ್ಚಾಗುತ್ತಿದ್ದವು. ಪರೀಕ್ಷೆ ಬರುವುದೂ ಆ ತಿಂಗಳುಗಳಲ್ಲೇ.

ಸಂಜೆ ಪಾಠಕ್ಕೆ ಸಭೆ ನೇಮಿಸಿದ ಸುಮಿತ್ರಾ ಅಕ್ಕಾರು ಸುಗ್ಗಿ ಶುರುವಾದ ಮೊದಲ ವಾರವೇ ಬಂದು, ಹಾಜರಿ ಕರೆದರೆ ಅರ್ಧ ಮಕ್ಕಳು ಚೀಲದ ಮುಂದೆ ಕೂತಿದ್ದಾರೆ, ನಾನು ಯಾರಿಗೆ ಕಲಿಸಲಿ ಎಂದು ಅಪ್ಪನ ಮುಂದೆ ದೂರಿದರು. ಅಪ್ಪ ಮಕ್ಕಳ ಮನೆಗಳಿಗೆ ಹೋಗಿ ವಿದ್ಯೆಯ ಮಹತ್ವ ಹೇಳಿ ಬಂದ. ಖಾಜಾಬಿ ತಲೆಯ ಮೇಲೆ ಸೆರಗೆಳೆದುಕೊಂಡು, "ಖರೇ ಐತ್ರಿ ಅಯ್ಯಾರ, ಖರೇ ಐತಿ" ಎನ್ನುತ್ತ ತುಂಬು ಬಿಡಿಸುತ್ತಲೇ ಇದ್ದಳಂತೆ. ಅದುವರೆಗೆ ಈ ಸಾಲಿಯ ವಿಚಾರದಲ್ಲಿ ಮುಖ ಊದಿಸಿಕೊಂಡಿದ್ದ ಅವ್ವ ಅಂದು ಅಪ್ಪನ ತಟ್ಟೆಗೆ ನುಚ್ಚು ಹಾಕುತ್ತ ಬಾಯಿ ತೆರೆದಳು.

"ಅಕೀಗೆ ಮಹತ್ವ ಗೊತ್ತಿಲ್ಲ ಅಂತ ತಿಳಿದ್ರೇನು? ಅಕೀಗೆ ಕೈ ಕಡಿಮಿ ಬಿದ್ದಾವ. ಚೀಲ ಇಲ್ಲಿಗೇ ತರಸ್ರಿ. ಎಲ್ಲಾರೂ ಕೂಡಿ ಬಿಡಸೂಣು. ಕೈ ಬಿಡಸ್ತಾವ, ಬಾಯಿ ಓದತೈತಿ."

ಹಾಗೆ ನಮ್ಮ ಪಡಸಾಲೆ ಸಂಜೆ ಸಾಲಿಯಾಯಿತು. ಸಾಲಿ ಬಿಟ್ಟ ಮೇಲೆ ಮಕ್ಕಳು ತಮ್ಮ ತಮ್ಮ ಮನೆಯ ಚೀಲಗಳನ್ನು ಎಳೆದುಕೊಂಡು ಬರುತ್ತಿದ್ದರು. ಅವ್ವ ನೆಲಕ್ಕೆ ಗೋಣಿತಟ್ಟು ಹಾಸಿ, ಚೀಲದ ಮೇಲೆ ಸುಣ್ಣದಿಂದ ಗುರುತು ಮಾಡಿ, ಒಂದು ಮುಗಿದ ಮೇಲೆ ಇನ್ನೊಂದು ಸುರಿಯುತ್ತಿದ್ದಳು. ಸುಮಿತ್ರಾ ಅಕ್ಕಾರು ಅಪ್ಪನ ಮೇಜಿಗೆ ಕಪ್ಪುಹಲಗೆ ಒರಗಿಸಿ ಲೆಕ್ಕ ಬರೆಯುವರು. ನಾವು ಕಣ್ಣು ಹಲಗೆಯ ಮೇಲೆ, ಕೈ ರಾಶಿಯಲ್ಲಿ ಇಟ್ಟುಕೊಂಡು ಉತ್ತರ ಕೂಗುತ್ತಿದ್ದೆವು. ಬರೆಯುವ ಸರದಿ ಬಂದವರು ಎದ್ದು ಹಿತ್ತಲಿಗೆ ಹೋಗಿ ಮಜ್ಜಿಗೆಯಲ್ಲಿ ಬೆರಳು ಅದ್ದಿ ತೊಳೆದುಕೊಂಡು ಬರಬೇಕು, ಇಲ್ಲದಿದ್ದರೆ ಬಳಪ ಹಿಡಿದ ಕೈ ಕಣ್ಣಿಗೆ ಹೋದರೆ ಪಾಠ ಮುಗಿದಂತೆಯೇ. ಕಾನ್ವೆಂಟಿನ ಬೂಟು ಹಾಕಿ ಓಡಾಡಿದ ನನಗೆ ತುಂಬು ಕೀಳಲು ಬರುತ್ತಿರಲಿಲ್ಲ, ಕಾಯಿ ಒಡೆಯುತ್ತಿತ್ತು. ಹಸೀನಾ ನನ್ನ ಒಡಕುಗಳನ್ನು ಸದ್ದಿಲ್ಲದೆ ತನ್ನ ರಾಶಿಯ ಅಡಿಗೆ ಸೇರಿಸುತ್ತಿದ್ದಳು. ಲೆಕ್ಕದಲ್ಲಿ ಅವಳು ನನಗಿಂತ ಚುರುಕು. ನನ್ನ ತರಗತಿಯ ಲೆಕ್ಕವನ್ನು ತುಂಬು ಕೀಳುತ್ತಲೇ ಬಾಯಲ್ಲಿ ಬಿಡಿಸಿ, ನಾನು ತಡವರಿಸುವುದನ್ನು ನೋಡಿ ಕಣ್ಣಲ್ಲೇ ನಗುತ್ತಿದ್ದಳು. ಮನೆಯಲ್ಲಿ ಉರ್ದು, ನಮ್ಮೊಂದಿಗೆ ಕನ್ನಡ, ಬೈಯಬೇಕಾದರೆ ಎರಡೂ.

ಊರಲ್ಲಿ ಗುಸುಗುಸು ಎದ್ದಿತು, ಅಯ್ಯಾರು ಕಾಯಿ ಬಿಡಿಸುವ ನೆಪದಲ್ಲಿ ಮಕ್ಕಳನ್ನು ಕ್ರೈಸ್ತರನ್ನಾಗಿ ಮಾಡುತ್ತಾರೆ ಎಂದು. ಅಪ್ಪ ಅದಕ್ಕೊಂದು ಕಟ್ಟಳೆ ಮಾಡಿದ. ಕೊನೆಯ ಮಗು ಮನೆಯ ಮೆಟ್ಟಿಲು ಇಳಿಯುವ ತನಕ ನಮ್ಮ ಮನೆ ಪ್ರಾರ್ಥನೆ ಇಲ್ಲ, ಕೀರ್ತನೆಯೂ ಇಲ್ಲ. ಮಗ್ರಿಬ್‌ನ ಆಜಾನ್ ಕೇಳಿದಾಗ ಹಸೀನಾ ಕೈ ನಿಲ್ಲಿಸಿ ದುಪಟ್ಟಾ ತಲೆಗೆಳೆದುಕೊಳ್ಳುವಳು; ಆ ಹೊತ್ತಿಗೆ ಸುಮಿತ್ರಾ ಅಕ್ಕಾರು ಪಾಠವನ್ನೂ ನಿಲ್ಲಿಸುತ್ತಿದ್ದರು, ಎಲ್ಲರೂ ಸುಮ್ಮನಿರುತ್ತಿದ್ದೆವು. ಆಮೇಲೆ ಅವ್ವ ನುಚ್ಚು, ಮಜ್ಜಿಗೆ, ಶೇಂಗಾ ಚಟ್ನಿ ತರುತ್ತಿದ್ದಳು. ಖಾರದ ಕೈಯಲ್ಲಿ ಉಣ್ಣಬಾರದೆಂದು ಸಣ್ಣವರಿಗೆ ತಾನೇ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಅಪ್ಪನನ್ನು ವಾರಗಟ್ಟಲೆ ವಿರೋಧಿಸಿದ ಹೆಂಗಸು ಇವಳೇ ಎಂದು ನಂಬಲು ಕಷ್ಟವಾಗುತ್ತಿತ್ತು. ನನ್ನ ನೆನಪಿನಲ್ಲಿ ಅವ್ವ ಅತ್ಯಂತ ಸುಖವಾಗಿದ್ದ ದಿನಗಳು ಅವು.

ಸಭೆಯವರಿಗೂ ಇದರಲ್ಲಿ ಪಾಲು ಬಂತು, ಅವರು ಬೇಡ ಅಂದರೂ. ಒಂದು ಶನಿವಾರ ಪಡಸಾಲೆಯಲ್ಲಿ ಹಾಡಿನವರ ತಾಲೀಮು ಇದ್ದುದರಿಂದ ಅವ್ವ ಚೀಲಗಳನ್ನು ಚರ್ಚಿನ ಹಾಲ್‌ನ ಹಿಂದಿನ ಮೂಲೆಗೆ ಸಾಗಿಸಿದಳು, ರವಿವಾರ ಬೆಳಿಗ್ಗೆ ಹೊರಗೆ ತರಲು ಮರೆತಳು. ಅಪ್ಪ ಕಣ್ಣು ಮುಚ್ಚಿ ದೀರ್ಘ ಪ್ರಾರ್ಥನೆಗೆ ನಿಂತ. ಯಾರೋ ಫ್ಯಾನು ಹಾಕಿದರು. ಹಿಂದಿನ ಬೆಂಚಿನಿಂದ ಒಂದು ಸೀನು, ಆಮೇಲೆ ಅದರ ಮುಂದಿನದರಿಂದ, ಹೀಗೆ ಸೀನು ಸಾಲುಸಾಲಾಗಿ ಮುಂದೆ ಬಂತು. ಅಪ್ಪ ದೇಶದ ಅಧಿಕಾರಿಗಳಿಗಾಗಿ ಬೇಡಿಕೊಳ್ಳುವ ಹೊತ್ತಿಗೆ ಅವನಿಗೂ ಸೀನು ಬಂದು ಆಮೆನ್ ಬೇಗ ಬಂತು. ಆರಾಧನೆ ಮುಗಿದ ಮೇಲೆ ಸಭೆಯ ಕಮಿಟಿಯ ಸಮುವೇಲ ಹಿರಿಯರು ಮೂಗೊರೆಸಿಕೊಳ್ಳುತ್ತ ಬಂದರು. ಅವರು ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ದಿವಾನಜಿ. ವಾರವಿಡೀ ಕಾಯಿಯ ನಡುವೆ ಇರುವವರು. ರವಿವಾರವಾದರೂ ಬಿಡುವು ಬೇಕೆಂಬುದು ನ್ಯಾಯವೇ.

"ಅಯ್ಯಾರ, ದೇವರ ಮನ್ಯಾಗೂ ಮಾರ್ಕೆಟ್ ಮಾಡಿದ್ರೆಲ್ಲ! ಆದ್ರೂ ಇರಲಿ ಬಿಡ್ರಿ. ನಿಮ್ಮ ಮಗಳು ಓದೂ ಸಾಲಿ. ನಾವು ಮಾಡದ ಇನ್ಯಾರು ಮಾಡಬೇಕು?"

ಅಂದು ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಮಾತಿನಲ್ಲಿ ಏನಿತ್ತು ಎಂದು ಅಪ್ಪನಿಗಾಗಲಿ ಅವ್ವನಿಗಾಗಲಿ ಆಗ ಕೇಳಿಸಲಿಲ್ಲ. ಸಮುವೇಲ ಹಿರಿಯರು ಒಳ್ಳೆಯವರು. ಕರೆಂಟು ಹೋದರೆ ಎಂದು ಸಭೆಯ ಪೆಟ್ರೊಮ್ಯಾಕ್ಸ್ ನಮ್ಮ ಪಡಸಾಲೆಗೆ ಕಳಿಸಿದವರು ಅವರು. ಸಾಲಿಯ ನೀರಿನ ಟಾಕಿ ಕಟ್ಟಿಸಲು ಓಡಾಡಿದವರು ಅವರು. ಪಾಠ ಮಾಡದೆ ಎಲೆಅಡಿಕೆ ಹಾಕಿಕೊಂಡು ಕೂರುತ್ತಿದ್ದ ಒಬ್ಬ ಮಾಸ್ತರರು, ಅಯ್ಯಾರ ಮಗಳು ತರಗತಿಯಲ್ಲಿ ಇದ್ದಾಳೆಂದು ಎದ್ದು ನಿಂತು ಪಾಠ ಮಾಡತೊಡಗಿದ್ದರು. ಇದೆಲ್ಲ ನನ್ನ ಕಣ್ಣೆದುರೇ ನಡೆಯಿತು. ದೇವರು ಪ್ರಾರ್ಥನೆ ಕೇಳುತ್ತಿದ್ದಾನೆ ಎಂದು ನಾನು ತಿಳಿದಿದ್ದೆ.

ಏಳನೆಯದರ ಪಬ್ಲಿಕ್ ಪರೀಕ್ಷೆಯಲ್ಲಿ ನಾನು ಸಾಲಿಗೇ ಮೊದಲಿಗಳಾದೆ. ಹಸೀನಾ ಆರನ್ನು ದಾಟಿ ಏಳಕ್ಕೆ ಬಂದಳು. ಆ ಮೂರು ಸುಗ್ಗಿಗಳಲ್ಲಿ ಅವಳು ಪರೀಕ್ಷೆ ತಪ್ಪಿಸಲಿಲ್ಲ. ಏಳು ಪಾಸಾದರೆ ಹೈಸ್ಕೂಲಿಗೆ ಕಳಿಸುತ್ತೇನೆ, ಫೇಲಾದರೆ ಮನೆಯಲ್ಲಿರಲಿ ಎಂದು ಖಾಜಾಬಿ ಅವ್ವನಿಗೆ ಮಾತು ಕೊಟ್ಟಿದ್ದಳು. ಇನ್ನೊಂದೇ ವರ್ಷದ ಮಾತು. ಅದೇ ಬೇಸಿಗೆಯಲ್ಲಿ ರಾಣೆಬೆನ್ನೂರಿನ ಒಂದು ಬೋರ್ಡಿಂಗ್ ಸಾಲಿಯಲ್ಲಿ ಸಭಾಪಾಲಕರ ಮಕ್ಕಳಿಗೆ ಜಾಗ ಇದೆ, ಇಂಗ್ಲಿಷ್ ಮಾಧ್ಯಮ, ಊಟ ವಸತಿ ಅಲ್ಲೇ ಎಂದು ಸುದ್ದಿ ಬಂತು. ಬ್ಯಾಡಗಿಯಲ್ಲೂ ಹೈಸ್ಕೂಲಿತ್ತು. ನಾನು ಅಲ್ಲಿಗೇ ಹೋಗುತ್ತೇನೆ, ಸಂಜೆ ಎಂದಿನಂತೆ ಪಡಸಾಲೆಯಲ್ಲಿ ಕೂರುತ್ತೇನೆ ಎಂದು ಎಲ್ಲರೂ ಅಂದುಕೊಂಡಿದ್ದರು. ಅಪ್ಪ ಮಾತ್ರ ಒಂದು ಬೆಳಿಗ್ಗೆ ನನಗೆಂದು ಹೊಸ ಟ್ರಂಕು ತಂದು ನಡುಮನೆಯಲ್ಲಿ ಇಟ್ಟ. ಅವ್ವ ಅದನ್ನು ದಾಟಿಕೊಂಡೇ ಅಡಿಗೆಮನೆಗೆ ಹೋಗಿ ಬಂದಳು. ಮಧ್ಯಾಹ್ನ ಕೇಳಿದಳು.

"ನಮ್ಮ ಮನಿ ಮಕ್ಕಳು ಕೂಡದ ಸಾಲಿ ಅಂತ ಯಾರೋ ಅಂದಿದ್ರು. ಅವರೆಲ್ಲಿ ಹೋದ್ರು?"

"ಅಕಿ ನನ್ನ ಮಾತಿಗೆ ಕಟ್ಟುಬಿದ್ದು ಇಷ್ಟು ವರ್ಷ ಕೂತಾಳ. ಇನ್ನ ಸಾಕು," ಎಂದ ಅಪ್ಪ. "ಅಕೀನೂ ಮುಂದ ಬರಬೇಕಲ್ಲ."

"ನಾ ಅಂದಾಗ ಬ್ಯಾಡ ಅಂದ್ರಿ. ಈಗ ಈ ಮಕ್ಕಳು ನನ್ನ ಕೈಯಾಗ ಉಂಡಾವ. ಈಗ ನಾ ಏನ್ ಮಾಡ್ಲಿ?"

ತಪ್ಪು ಅಪ್ಪನದು ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಇಂದಿಗೂ ನಾನು ಅವನ ಮೇಲೆ ಸಿಟ್ಟು ಮಾಡಿಕೊಳ್ಳಲಾರೆ. ಅವನು ನನ್ನನ್ನು ತುಂಬ ಪ್ರೀತಿಸುತ್ತಿದ್ದ, ಮಗಳ ಅವಕಾಶವನ್ನು ತನ್ನ ಮಾತಿಗಾಗಿ ಎರಡನೆಯ ಸಲ ಕಳೆಯುವ ಧೈರ್ಯ ಅವನಿಗಾಗಲಿಲ್ಲ. ನನಗೋ, ಆ ಹೊಸ ಟ್ರಂಕಿನ ವಾಸನೆ, ಅದರೊಳಗಿನ ಬಿಳಿ ಸಾಕ್ಸು, ಎಲ್ಲ ಇಷ್ಟವಾಗಿತ್ತು. ಹೊರಡುವ ದಿನ ಹಸೀನಾ ಬಸ್ ಸ್ಟ್ಯಾಂಡಿಗೆ ಬಂದು ಟ್ರಂಕಿನ ಒಂದು ಹಿಡಿಕೆ ಹಿಡಿದುಕೊಂಡಿದ್ದಳು.

"ಕ್ರಿಸ್ಮಸ್‌ಗೆ ಬರ್ತೀಯಲ್ಲ, ಆ ಇಂಗ್ಲಿಷ್ ಲೆಕ್ಕ ಹೆಂಗ ಇರತಾವ ನೋಡೂಣು, ತಗೊಂಡ ಬಾ" ಎಂದಳು.

ಸಂಜೆ ಸಾಲಿ ಮಳೆಗಾಲ ಮುಗಿಯುವ ತನಕ ನಡೆಯಿತು. ಆಮೇಲೆ ಅದನ್ನು ಯಾರೂ ಮುಚ್ಚಲಿಲ್ಲ, ಅದು ತಾನಾಗೇ ಬಿದ್ದುಹೋಯಿತು. ಮೊದಲು ಪೆಟ್ರೊಮ್ಯಾಕ್ಸ್ ಚರ್ಚಿಗೆ ಬೇಕಾಯಿತು. ಸುಮಿತ್ರಾ ಅಕ್ಕಾರಿಗೆ ಮದುವೆ ಕೂಡಿಬಂದು ಹೋದರು, ಅವರ ಜಾಗಕ್ಕೆ ಇನ್ನೊಬ್ಬರನ್ನು ನೇಮಿಸುವ ಮಾತು ಕಮಿಟಿಯಲ್ಲಿ ಮುಂದೆ ಮುಂದೆ ಹೋಯಿತು. ಸರ್ಕಾರದಿಂದ ಖೋಲಿಗಳ ಮಾಡು ಅರ್ಧ ಸರಿಯಾಗಿತ್ತು. ಅದೇ ನೆಪವಾಗಿ ಹಾಲ್‌ಗೆ ಬೀಗವೂ ಬಿತ್ತು. ಅಪ್ಪ ಕಮಿಟಿಯಲ್ಲಿ ಎದ್ದು ನಿಂತು ಕೇಳಿದನಂತೆ. ಸಮುವೇಲ ಹಿರಿಯರು ಆಶ್ಚರ್ಯದಿಂದ, ಕೇಡು ಬಗೆಯದೆ, "ಈಗ ಅಲ್ಲಿ ನಮ್ಮವರು ಯಾರ ಅದಾರ್ರಿ ಅಯ್ಯಾರ?" ಎಂದರಂತೆ. ಮಗಳನ್ನು ಕಳಿಸಿದವನು ಏನೆಂದು ಹೇಳಬೇಕು? ಅಪ್ಪ ಕೂತುಬಿಟ್ಟನಂತೆ. ಇದನ್ನೆಲ್ಲ ನನಗೆ ಹೇಳಿದವಳು ಅವ್ವ, ಕ್ರಿಸ್ಮಸ್ ರಜೆಯಲ್ಲಿ, ಕರ್ಚಿಕಾಯಿ ಕರಿಯುತ್ತ.

ಆ ರಜೆಯಲ್ಲಿ ನಮ್ಮ ಮನೆ ಅಚ್ಚುಕಟ್ಟಾಗಿತ್ತು. ಪಡಸಾಲೆಯ ನೆಲ ತೊಳೆದು ರಂಗು ಬಂದಿತ್ತು, ಹೊಸ ಕುರ್ಚಿಗಳಿದ್ದವು, ಬಂದವರು ಯಾರೂ ಸೀನುತ್ತಿರಲಿಲ್ಲ. ಸುಗ್ಗಿ ಆಗಷ್ಟೇ ಶುರುವಾಗಿತ್ತು. ಅವ್ವ ದಿನಾ ಕೆಲಸ ಮುಗಿಸಿ ಖಾಜಾಬಿಯ ಮನೆಗೆ ಹೋಗಿ ಹಸೀನಾಳ ಚೀಲದ ಮುಂದೆ ಕೂರುತ್ತಿದ್ದಳು. ಒಂದು ಜೋಡಿ ಕೈಯಿಂದ ಎಷ್ಟಾಗುತ್ತದೆ? ಬಿಡಿಸಲು ಆದರೂ ಕಲಿಸಲು ಆಗಬೇಕಲ್ಲ. ಏಳನೆಯದರ ಲೆಕ್ಕ ಅವ್ವನಿಗೆ ಬರುತ್ತಿರಲಿಲ್ಲ. ನಾನೂ ರಜೆ ಇದ್ದಷ್ಟು ದಿನ ಹೋದೆ. ಹಸೀನಾ ನನ್ನ ಇಂಗ್ಲಿಷ್ ಲೆಕ್ಕದ ಪುಸ್ತಕ ತೆರೆದು, ಅಂಕಿಗಳನ್ನಷ್ಟೇ ನೋಡಿ, ಎರಡು ಲೆಕ್ಕ ಬಿಡಿಸಿ ಕೊಟ್ಟಳು. ಆಮೇಲೆ ಪುಸ್ತಕಕ್ಕೆ ಖಾರದ ಕೈ ತಾಗಿತೆಂದು ದುಪಟ್ಟಾದಿಂದ ಒರೆಸಿ ವಾಪಸು ಕೊಟ್ಟಳು.

ರಜೆ ಮುಗಿಯುವ ಹಿಂದಿನ ಸಂಜೆ, ಮನೆ ಪ್ರಾರ್ಥನೆ ಆದ ಮೇಲೆ, ಅವ್ವ ಎದ್ದು ಹೋಗದೆ ಚಾಪೆಯ ಮೇಲೆಯೇ ಕೂತಿದ್ದಳು. ಅಪ್ಪನ ಕಡೆ ನೋಡದೆ ನನ್ನನ್ನೇ ಕೇಳಿದಳು.

"ಕರುಣಾ, ನೀ ತಿರುಗಿ ಬರ್ತೀ ಏನವಾ? ಇಲ್ಲೇ ಹೈಸ್ಕೂಲಿಗೆ ಹೋಗ. ಸಂಜೀಕ ಇಲ್ಲಿ ಕೂಡ. ನೀ ಕೂತ್ರ ಎಲ್ಲಾರೂ ಬರ್ತಾರ. ಲೈಟೂ ಬರತೈತಿ, ಅಕ್ಕಾರೂ ಬರ್ತಾರ. ಪರೀಕ್ಷಾ ಮುಗಿಯೂತನಕರ. ಹಸೀನಾ ಒಬ್ಬಾಕಿ ದಾಟಲಿ."

ಎಷ್ಟು ಸ್ಪಷ್ಟವಾಗಿ ಅರ್ಥಮಾಡಿಕೊಂಡಿದ್ದಳು ಅವ್ವ! ಬೆಳಕು, ಪಾಠ, ನೀರು, ಎಲ್ಲ ನನ್ನ ಹಿಂದೆ ಬಂದು ನನ್ನ ಹಿಂದೆಯೇ ಹೋಗಿದ್ದವು. ನಾನು ಬಾಯಿ ತೆರೆದೆನೋ ಇಲ್ಲವೋ, ಅಪ್ಪ ನಡುವೆ ಬಂದ.

"ಮಗೂನ್ನ ಕೇಳಬ್ಯಾಡ. ಅಕೀನ್ನ ಕೇಳೂ ಮಾತಲ್ಲ ಅದು. ಅಕಿ ನಾಳೆ ಹೋಗ್ತಾಳ."

ಅವ್ವ ಎದ್ದು ಚಾಪೆ ಸುತ್ತಿದಳು. ಆ ಕ್ಷಣದಲ್ಲಿ ನನಗೆ ಆದದ್ದು ಸಮಾಧಾನ. ಎದೆಯ ಮೇಲಿನ ಭಾರ ಯಾರೋ ಎತ್ತಿಟ್ಟಂಥ ಸಮಾಧಾನ. ಹದಿಮೂರರ ಹುಡುಗಿ ಏನು ಮಾಡಬಲ್ಲಳು, ನಿರ್ಧಾರ ದೊಡ್ಡವರದ್ದು ಎಂದು ನನ್ನ ಗಂಡ, ಸ್ನೇಹಿತರು, ಎಲ್ಲರೂ ನನಗೆ ಹೇಳಿದ್ದಾರೆ. ಅದು ನಿಜ. ನಾನು ಯಾವ ತಪ್ಪೂ ಮಾಡಲಿಲ್ಲ. ಆದರೆ ಆ ಸಮಾಧಾನ ನನ್ನದೇ ಆಗಿತ್ತು, ಅದನ್ನು ನನಗೆ ಯಾರೂ ಕೊಟ್ಟದ್ದಲ್ಲ. ನೆನೆದಾಗಲೆಲ್ಲ ನಾಚಿಕೆಯಾಗುತ್ತದೆ. ಒಳ್ಳೆಯ ಸಂಬಳ ಬಂದ ದಿನ, ಇಂಗ್ಲಿಷಿನಲ್ಲಿ ತಡವರಿಸದೆ ಮಾತಾಡಿದ ದಿನ, ಅಂಥ ಸಂತೋಷದ ದಿನಗಳಲ್ಲೇ ಹೆಚ್ಚು.

ಸುಗ್ಗಿ ಏರಿದಂತೆ ಹಸೀನಾಳ ಹಾಜರಿ ಇಳಿಯಿತು. ಪರೀಕ್ಷೆಗೆ ಕೂತಳು, ಗಣಿತದಲ್ಲಲ್ಲ, ಓದಬೇಕಾದ ಬೇರೆ ಎರಡು ವಿಷಯಗಳಲ್ಲಿ ಫೇಲಾದಳು. ಬೇಸಿಗೆ ರಜೆಯಲ್ಲಿ ನಾನು ಮನೆಗೆ ಬಂದಿದ್ದಾಗ ಖಾಜಾಬಿ ಒಂದು ಡಬ್ಬಿ ಸೇಮಿಗೆ ಪಾಯಸ ಹಿಡಿದುಕೊಂಡು ಬಂದಳು. ಬೈಯಲು ಬಂದಿದ್ದಾಳೆ ಎಂದು ನಾನು ನಡುಮನೆಯ ಕತ್ತಲಿಗೆ ಸರಿದೆ. ಅವಳು ಮೆಟ್ಟಿಲ ಮೇಲೆಯೇ ನಿಂತು ಅಪ್ಪನಿಗೆ ಹೇಳಿದಳು:

"ನಿಮ್ಮ ಉಪಕಾರ ದೊಡ್ಡದೈತ್ರಿ ಅಯ್ಯಾರ. ನಮ್ಮ ಹುಡುಗೀನ್ನ ಇಷ್ಟರ ಓದಿಸಿದ್ರಿ. ನಮ್ಮ ಮಂದ್ಯಾಗ ಯಾರೂ ಇಷ್ಟು ಓದಿಲ್ಲ. ಮುಂದಿಂದು ಅಕೀ ನಸೀಬು."

ಅಪ್ಪ ಡಬ್ಬಿ ತಗೊಂಡ, ಒಳಗೆ ಕರೆಯಲು ಮರೆತ. ಅವ್ವ ಓಡಿಬಂದು ಅವಳನ್ನು ಕೈಹಿಡಿದು ಒಳಗೆ ಕೂಡಿಸಿದಳು. ಆ ದಿನ ನಮ್ಮ ಮನೆಯಲ್ಲಿ ಆ ಪಾಯಸ ಯಾರೂ ಮುಟ್ಟಲಿಲ್ಲ. ಅಪ್ಪ ಆಮೇಲೆ ಎಷ್ಟೋ ವರ್ಷ ಪ್ರಸಂಗ ಮಾಡಿದ, ಆದರೆ ಸಾಲಿಯ ಉದಾಹರಣೆ ಮತ್ತೆ ಕೊಟ್ಟದ್ದು ನಾನು ಕೇಳಿಲ್ಲ. ಅವ್ವ ಅವನೊಂದಿಗೆ ಜಗಳವಾಡುವುದನ್ನೇ ಬಿಟ್ಟಳು. ಅದು ಮನೆಯವರಿಗೆಲ್ಲ ಜಗಳಕ್ಕಿಂತ ಕಷ್ಟವಾಯಿತು.

ನಾನು ಓದಿದೆ, ಕೆಲಸ ಹಿಡಿದೆ, ಮದುವೆಯಾಗಿ ಹಾವೇರಿಯಲ್ಲಿ ಮನೆ ಮಾಡಿದೆ. ಅಪ್ಪ ನಿವೃತ್ತನಾಗಿ ಅವ್ವನೊಂದಿಗೆ ಬ್ಯಾಡಗಿಯಲ್ಲೇ ಉಳಿದಿದ್ದ. ಹಸೀನಾಳ ಮದುವೆ ಬೇ‍ಗನೇ ಆಗಿತ್ತು. ಒಬ್ಬರಿಗೊಬ್ಬರು ಸಿಗುವುದು ಅಪರೂಪವಾಗಿ, ಆಮೇಲೆ ನಿಂತೇಹೋಗಿತ್ತು. ನನ್ನ ಮಗಳು ಇನ್ನೂ ಸಾಲಿಗೆ ಹೋಗದ ಕೂಸಾಗಿದ್ದಾಗ ಒಮ್ಮೆ ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ ಹಿಂದಿನಿಂದ ಯಾರೋ ನನ್ನ ಜಡೆ ಎಳೆದರು. ಹಸೀನಾ. ಬುರ್ಖಾದ ಮುಸುಕು ಮೇಲೆತ್ತಿ ನಗುತ್ತಿದ್ದಳು, ಪಕ್ಕದಲ್ಲಿ ಅವಳದೇ ಕಣ್ಣುಗಳ ಒಂದು ಹುಡುಗಿ. ಕುಮಾರಪಟ್ಟಣದ ನಾದಿನಿಯ ಮನೆಯಿಂದ ವಾಪಸು ಬ್ಯಾಡಗಿಗೆ ಹೊರಟಿದ್ದಳು. ಇಬ್ಬರೂ ಶೇಂಗಾ ಕೊಂಡು ಕಟ್ಟೆಯ ಮೇಲೆ ಕೂತೆವು. ಅವಳು ಯಾವುದನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಂತೆ ಕಾಣಲಿಲ್ಲ.

"ರೇಷ್ಮಾನ್ನ ನಮ್ಮ ಸಾಲಿಗೇ ಹಾಕೇನಿ," ಎಂದಳು. "ಜೂನ್ ಬಂತಂದ್ರ ಮೊದಲ ಹೋಗಿ ಹೆಡ್ ಮಾಸ್ತರಿಗೆ ಕೇಳ್ತೇನಿ, ಈ ವರ್ಷ ದೊಡ್ಡಮಂದಿ ಮಕ್ಕಳು ಯಾರರ ಬಂದಾರೇನ್ರಿ ಅಂತ."

"ಯಾಕ?"

"ಯಾಕ ಅಂದ್ರ? ಅಂಥಾ ಒಂದ ಕೂಸಿದ್ರ ಸಾಕು, ಮಾಸ್ತರು ದಿನಾ ಬರ್ತಾರ, ನಲ್ಲಿಗೆ ನೀರ ಬರತೈತಿ. ಹೋದ ವರ್ಷ ಫೌಜದಾರರ ಮಗಳಿದ್ಲು. ಭಾಳ ಚಲೋ ನಡೀತು. ಅವರಿಗೆ ವರ್ಗಾ ಆತು."

ಯಾವ ಅಂಗಡಿಯಲ್ಲಿ ಅಕ್ಕಿ ಚೆನ್ನಾಗಿದೆ ಎಂದು ಹೇಳುವಷ್ಟೇ ಸರಳವಾಗಿ ಹೇಳಿದಳು. ಕಲ್ಲು ಎಸೆದಿದ್ದರೂ ನನಗೆ ಅಷ್ಟು ತಾಗುತ್ತಿರಲಿಲ್ಲ. ಆಮೇಲೆ ಅವಳು ನನ್ನ ತೊಡೆಯ ಮೇಲಿದ್ದ ಮಗಳ ಕೆನ್ನೆ ಹಿಂಡಿ, ಇದ್ದಕ್ಕಿದ್ದಂತೆ ಏನೋ ಹೊಳೆದವಳ ಹಾಗೆ ನನ್ನ ಕೈ ಹಿಡಿದಳು.

"ಇಕೀನ್ನ ಯಾವಾಗ ಸಾಲಿಗೆ ಹಾಕ್ತಿ?"

"ಬರೂ ಜೂನ್‌ದಾಗ."

"ನಮ್ಮ ಸಾಲಿಗೇ ಹಾಕ! ನಿಮ್ಮ ಅವ್ವಾರು ಅಲ್ಲೇ ಅದಾರ, ನೋಡ್ಕೋತಾರ. ಭಾಳ ದಿನ ಬ್ಯಾಡ. ಒಂದ ಎರಡ ವರ್ಷ ಕೂತ್ರ ಸಾಕು, ಅಷ್ಟರಾಗ ನಮ್ಮ ರೇಷ್ಮಾಗ ಓದಾಕ ಬರಿಯಾಕ ಬರತೈತಿ."

"ನೋಡೂಣಂತ" ಎಂದೆ. ಹಾವೇರಿಯ ಬಸ್ಸು ಬಂತು. ಅವಳು ನನ್ನ ಚೀಲ ಮೇಲೆ ಎತ್ತಿಕೊಟ್ಟು, ಕಿಟಕಿಯ ಕೆಳಗೆ ನಿಂತು ಮತ್ತೊಮ್ಮೆ ಹೇಳಿದಳು, ಮರೀಬ್ಯಾಡ, ಜೂನ್ ಅಂದಿ ನೋಡ. ಪಕ್ಕದಲ್ಲಿ ರೇಷ್ಮಾ ಕೈ ಬೀಸುತ್ತಿದ್ದಳು.

ಆ ಜೂನ್‌ನಲ್ಲಿ ನಾವು ಮಗಳನ್ನು ಹಾವೇರಿಯ ಕಾನ್ವೆಂಟಿಗೆ ಸೇರಿಸಿದೆವು. ಮೊದಲ ದಿನ ಬಿಟ್ಟು ಬರುವಾಗ ಅವಳು ಅಳಲಿಲ್ಲ, ಹೊಸ ಬೂಟಿನ ಸಂಭ್ರಮದಲ್ಲಿ ತಿರುಗಿಯೂ ನೋಡದೆ ಒಳಗೆ ಓಡಿದಳು. ಗೇಟಿನ ಹೊರಗೆ ನಿಂತು ನಾನು ಅತ್ತೆ, ನಿಲ್ಲಿಸಲಾಗದೆ ಅತ್ತೆ. ಸುತ್ತ ಇದ್ದ ತಾಯಂದಿರು ಬೆನ್ನು ಸವರಿ, ಮೊದಲ ದಿನ ಎಲ್ಲಾರಿಗೂ ಹಿಂಗ ಆಗ್ತೈತ್ರಿ, ನಾಕ ದಿನಕ್ಕ ರೂಢಿ ಆಗ್ತೈತಿ ಎಂದು ಸಮಾಧಾನ ಹೇಳಿದರು. ನಾನು ಹೌದೆಂದು ತಲೆಯಾಡಿಸಿದೆ.